ಕುಲಪತಿಗಳ ಪತ್ರ, ಆಂಟಿಯ ಲೆಕ್ಕದ ಪುಸ್ತಕ

ಬೆಂಗಳೂರಿನ ಸುದ್ದಗುಂಟೆಪಾಳ್ಯದ ಒಂದು ಅಡ್ಡರಸ್ತೆಯಲ್ಲಿ ಸಂಜೆ ಐದರ ಮೇಲೆ ನೆಟ್ಟಗೆ ನಡೆಯಲು ಆಗದು. ಒಂದು ಭುಜ ಮುಂದೆ ಮಾಡಿಕೊಂಡು ಓರೆಯಾಗಿ ನಡೆಯಬೇಕು. ಎಡಗಡೆ ಮೊಮೊ ಗಾಡಿ, ಬಲಗಡೆ ಇಸ್ತ್ರಿ ಗಾಡಿ, ಮಧ್ಯೆ ಕಾಲೇಜು ಬಿಟ್ಟು ಬರುವ ಮಕ್ಕಳು, ಅವರ ನಡುವೆ ದಾರಿ ಹುಡುಕುತ್ತ ಊಟದ ಪೊಟ್ಟಣ ಹೊತ್ತ ಸ್ಕೂಟರುಗಳು. ಜೆರಾಕ್ಸ್ ಅಂಗಡಿಯ ಮುಂದೆ ಸ್ಪೈರಲ್ ಬೈಂಡಿಂಗಿಗೆ ಹತ್ತು ಜನ ಕಾಯುತ್ತಿರುತ್ತಾರೆ. ಯಂತ್ರದಿಂದ ಈಚೆ ಬಿದ್ದ ಹಾಳೆ ಕಾವಲಿಯಿಂದ ಇಳಿಸಿದ ಚಪಾತಿಯ ಹಾಗೆ ಬಿಸಿಯಾಗಿರುತ್ತದೆ.

ಅದೇ ರಸ್ತೆಯ ಒಂದು ಮೂರನೇ ಮಹಡಿಯಲ್ಲಿ ನಿವೃತ್ತ ಕನ್ನಡ ಮೇಷ್ಟರೊಬ್ಬರ ಮನೆ. ಕೆಳಗಿನ ಎರಡು ಮಹಡಿ ಹೆಣ್ಣುಮಕ್ಕಳ ಪಿಜಿ. ಅದರ ಯಜಮಾನಿಕೆ ಪೂರ್ತಿ ಅವರ ಹೆಂಡತಿಯದು. ಇಡೀ ಕಟ್ಟಡಕ್ಕೆ ಆಕೆ 'ಆಂಟಿ'. ವೈಫೈ ಕೆಟ್ಟಾಗ ಕಂಪನಿಗೆ ಫೋನು ಮಾಡುವುದೊಂದನ್ನು ಬಿಟ್ಟರೆ ಮೇಷ್ಟರಿಗೆ ಅಲ್ಲಿ ಯಾವ ಅಧಿಕಾರವೂ ಇಲ್ಲ.

ಶನಿವಾರ ಸಂಜೆ ಅವರ ಹಳೆಯ ಶಿಷ್ಯೆ ಲ್ಯಾಪ್‌ಟಾಪ್ ಹಿಡಿದು ಬಂದಳು. ಊರಿನ ಇನ್ನೊಂದು ದಿಕ್ಕಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಅವಳೀಗ ಕನ್ನಡ ಪಾಠ ಹೇಳುತ್ತಾಳೆ. ಅಲ್ಲಿನ ಕುಲಪತಿಗಳು ವರ್ಷಕ್ಕೊಮ್ಮೆ ಪೋಷಕರಿಗೂ ಹಳೆಯ ವಿದ್ಯಾರ್ಥಿಗಳಿಗೂ ಒಂದು ಪತ್ರ ಬರೆಯುತ್ತಾರೆ. ಈ ಸಲ ಅದು ಕನ್ನಡದಲ್ಲೂ ಹೋಗಬೇಕೆಂದು ತೀರ್ಮಾನವಾಗಿ, ಸೋಮವಾರದೊಳಗೆ ಮುಗಿಸುವ ಕೆಲಸ ಇವಳ ತಲೆಗೆ ಬಂದಿತ್ತು.

"ಸಾರ್, 'ವೈಬ್ರೆಂಟ್ ಕ್ಯಾಂಪಸ್ ಲೈಫ್' ಅನ್ನೋದಕ್ಕೆ ಏನು ಹಾಕಲಿ? ಕಂಪ್ಯೂಟರು 'ರೋಮಾಂಚಕ ಆವರಣ ಜೀವನ' ಅಂತಿದೆ."

"ರೋಮಾಂಚಕ ಅಂದರೆ ಮೈಮೇಲಿನ ಕೂದಲು ನಿಲ್ಲೋದು ಕಣಮ್ಮ. ಹಾಸ್ಟೆಲ್ಲಿನ ಸಾಂಬಾರು ನೋಡಿದರೆ ನಿಲ್ಲುತ್ತೆ ಅನ್ನು. ಅದನ್ನ ಬಿಡು. ಪತ್ರದಲ್ಲಿ ಇರೋದೇನು, ಅದನ್ನ ಹೇಳು."

ಅವಳು ಓದಿದಳು. ಎರಡು ಭಾಗ: ಒಂದು ಕ್ಯಾಂಪಸ್ಸಿನ ಬದುಕು, ಇನ್ನೊಂದು ಸಮುದಾಯ ಸಹಭಾಗಿತ್ವ. ಮೊದಲನೆಯದರಲ್ಲಿ ಹೊಸ ಕ್ರೀಡಾಂಗಣ, ಸಾಂಸ್ಕೃತಿಕ ಉತ್ಸವ, ಸೋಲಾರ್ ಫಲಕ, ಆಪ್ತ ಸಮಾಲೋಚನೆ ಕೇಂದ್ರ. ಎರಡನೆಯದರಲ್ಲಿ ಇಷ್ಟು ಒಡಂಬಡಿಕೆ, ಇಷ್ಟು ಆರೋಗ್ಯ ಶಿಬಿರ, ದತ್ತು ತೆಗೆದುಕೊಂಡ ಇಷ್ಟು ಹಳ್ಳಿ.

"ದತ್ತು?" ಮೇಷ್ಟರು ಕನ್ನಡಕ ಮೇಲೇರಿಸಿದರು. "ದತ್ತು ತಗೊಂಡರೆ ಆಸ್ತಿಯಲ್ಲಿ ಪಾಲು ಕೊಡಬೇಕಾಗುತ್ತೆ, ನಿಮ್ಮ ಕುಲಪತಿಗಳಿಗೆ ಗೊತ್ತೇನು?"

"ಅದು ಸರ್ಕಾರದ ಪದಾನೇ ಸಾರ್. ಉನ್ನತ ಭಾರತ ಅಭಿಯಾನದಲ್ಲಿ ಒಂದೊಂದು ಸಂಸ್ಥೆ ಐದೈದು ಹಳ್ಳಿ ತಗೋಬೇಕು."

"ಹಳ್ಳಿ ಅಷ್ಟು ದೂರ ಇದ್ದರೆ ಸುಲಭ. ಗೇಟಿನ ಎದುರಿಗಿರೋ ಬೀದಿ ಕಷ್ಟ."

ಮೇಷ್ಟರ ಮಾತಿನಲ್ಲಿ ಅತಿಶಯ ಇರುತ್ತದೆ, ಮೂವತ್ತೈದು ವರ್ಷ ತರಗತಿಯಲ್ಲಿ ನಿಂತವರಿಗೆ ಆ ರೋಗ ತಪ್ಪಿದ್ದಲ್ಲ. ಆದರೆ ಆ ಬೀದಿಯಲ್ಲೇ ಕೂತು ಹೇಳಿದ ಮಾತನ್ನು ತಳ್ಳಿಹಾಕುವುದೂ ಸುಲಭವಲ್ಲ. ಅಲ್ಲಿಂದ ಕೂಗಳತೆಯ ದೂರದಲ್ಲಿ ಕ್ರೈಸ್ಟ್ ವಿಶ್ವವಿದ್ಯಾಲಯ. 1957ರಲ್ಲಿ ಕೇರಳದಿಂದ ಧರ್ಮಾರಾಮ್ ಕಾಲೇಜು ಇಲ್ಲಿಗೆ ಬಂದಿತು. 1969ರ ಜುಲೈ 15ರಂದು ಪಕ್ಕದಲ್ಲೇ ಕ್ರೈಸ್ಟ್ ಕಾಲೇಜು ಬಾಗಿಲು ತೆರೆಯಿತು. 2004ರಲ್ಲಿ ಸ್ವಾಯತ್ತ, 2008ರ ಜುಲೈಯಲ್ಲಿ ಡೀಮ್ಡ್ ವಿಶ್ವವಿದ್ಯಾಲಯ. ಹೊಸೂರು ರಸ್ತೆಯ ಆ ಬದಿಗೆ ನಿಮ್ಹಾನ್ಸ್, ಕಿದ್ವಾಯಿ, ಇತ್ತ ಹಾಲಿನ ಡೇರಿ. ಇವುಗಳ ನಡುವೆ ಸಿಕ್ಕಿಕೊಂಡ ಹಳೆಯ ಪಾಳ್ಯ ಇದು.

"ಊರಿನ ಹೆಸರು ಗಮನಿಸಿದ್ದೀಯಾ?" ಮೇಷ್ಟರು ಮೊದಲಿಂದಲೂ ಹೀಗೆ, ವಿಷಯದ ನಡುವೆ ಶಬ್ದಕೋಶ ಬಿಚ್ಚುತ್ತಾರೆ. "ತೆಲುಗಿನಲ್ಲಿ ಸುದ್ದ ಅಂದರೆ ಸೀಮೆಸುಣ್ಣ. ಗುಂಟ ಅಂದರೆ ಗುಂಡಿ. ಬಿಳಿ ಮಣ್ಣು ತೆಗೀತಿದ್ದ ಜಾಗ ಇರಬಹುದು. ಇದು ನನ್ನ ಊಹೆ, ಎಲ್ಲೂ ಬರೆದುಬಿಡಬೇಡ. ಆದರೂ ನೋಡು, ಸೀಮೆಸುಣ್ಣದ ಗುಂಡಿ ಪಕ್ಕದಲ್ಲೇ ಕಾಲೇಜು ಬಂತು."

"ಕನ್ನಡದ ಗುಂಟೆ ಇರಬಾರದಾ ಸಾರ್? ನಲವತ್ತು ಗುಂಟೆಗೆ ಒಂದು ಎಕರೆ?"

"ಆ ಲೆಕ್ಕದಲ್ಲಿ ಕ್ಯಾಂಪಸ್ಸು ಇಪ್ಪತ್ತೈದು ಎಕರೆ, ಸಾವಿರ ಗುಂಟೆ ಆಯಿತು. ನಮ್ಮ ಮನೆ ಒಂದೆರಡು ಗುಂಟೆ. ಆ ಸಾವಿರ ಗುಂಟೆಯಲ್ಲಿ ಓದೋರು ರಾತ್ರಿ ಮಲಗೋದು ಈ ಒಂದೆರಡು ಗುಂಟೆಗಳಲ್ಲಿ."

ಒಳಗಿನಿಂದ ಆಂಟಿಯ ದನಿ ಕೇಳುತ್ತಿತ್ತು. ಯಾರಿಗೋ ಫೋನಿನಲ್ಲಿ ಗದರಿಸುತ್ತಿದ್ದರು: ಟ್ಯಾಂಕರು ಬೆಳಿಗ್ಗೆ ಆರಕ್ಕೆ ಬರಬೇಕು, ಏಳಕ್ಕೆ ಬಂದರೆ ರಸ್ತೆಯಲ್ಲಿ ನಿಲ್ಲಿಸೋಕೆ ಜಾಗ ಸಿಗಲ್ಲ.

ಮೇಷ್ಟರು ಸ್ವರ ತಗ್ಗಿಸಿದರು. "ಕುಲಪತಿ ಅಂದರೆ ಏನು ಗೊತ್ತಾ? ಹಿಂದೆ ನಾವು ಉಪಕುಲಪತಿ ಅಂತಿದ್ವಿ. ಆಮೇಲೆ 'ಉಪ' ಹೋಯಿತು, ರಾಜ್ಯಪಾಲರು ಕುಲಾಧಿಪತಿ ಆದರು. ಆ ಬಡ್ತಿಯ ವಿಷಯ ಅಲ್ಲ ನಾನು ಹೇಳ್ತಿರೋದು. ಸಂಸ್ಕೃತದ ಹಳೆಯ ವ್ಯಾಖ್ಯೆ ಪ್ರಕಾರ ಹತ್ತು ಸಾವಿರ ಜನ ಶಿಷ್ಯರಿಗೆ ಅನ್ನ ಹಾಕಿ ಸಾಕಿ, ಪಾಠವನ್ನೂ ಹೇಳೋನು ಕುಲಪತಿ. ಅನ್ನ ಮೊದಲು ಬರುತ್ತೆ, ಪಾಠ ಆಮೇಲೆ."

"ಹಾಗಾದರೆ ಅರ್ಧ ಕುಲಪತಿ ಆಂಟೀನೇ."

"ಮೆತ್ತಗೆ ಹೇಳು. ಕೇಳಿಸಿದರೆ ಸಂಬಳ ಕೇಳ್ತಾಳೆ."

ಇಬ್ಬರೂ ನಕ್ಕರು. ಆದರೆ ಅವಳ ಮುಖದಲ್ಲಿ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವಳಿಗೆ ಹೋದ ವರ್ಷದ ಒಂದು ಬೆಳಗು ನೆನಪಾಗಿತ್ತು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಮುಂಚೆ ಎಲ್ಲ ವಿಭಾಗಗಳೂ ತಮ್ಮ ವಿಸ್ತರಣಾ ಚಟುವಟಿಕೆಗಳ ದಾಖಲೆ ಒಪ್ಪಿಸಬೇಕಿತ್ತು. ಎಷ್ಟು ಕಾರ್ಯಕ್ರಮ, ಎಷ್ಟು ವಿದ್ಯಾರ್ಥಿಗಳು, ಜೊತೆಗೆ ಫೋಟೊ. ಫೋಟೊದಲ್ಲಿ ಜಾಗದ ಗುರುತು, ದಿನಾಂಕ, ಹೊತ್ತು ಮೂಡಿರಬೇಕು. ಜಿಯೋ ಟ್ಯಾಗ್ ಇಲ್ಲದ ಸೇವೆ ಸೇವೆಯೇ ಅಲ್ಲ. ನಲವತ್ತು ಮಕ್ಕಳು ಬ್ಯಾನರ್ ಹಿಡಿದು ಕಾಲೇಜಿನ ಹಿಂದಿನ ರಸ್ತೆಗೆ ಹೋದರು. ಅಲ್ಲಿ ಪೌರಕಾರ್ಮಿಕ ಮಹಿಳೆಯೊಬ್ಬರು ಅಷ್ಟು ಹೊತ್ತಿಗೆ ಗುಡಿಸಿ ಮುಗಿಸಿದ್ದರು. ಗುಡಿಸಿದ ರಸ್ತೆಯಲ್ಲಿ ಗುಡಿಸುವ ಫೋಟೊ ಹೇಗೆ ತೆಗೆಯುವುದು? ಯಾರೋ ಆಕೆಯನ್ನು ಕೇಳಿ, ತಳ್ಳುಗಾಡಿಯಿಂದ ಒಂದು ಬುಟ್ಟಿ ಎಲೆ ತಂದು ಹರಡಿದರು.

"ಆಕೆ ಏನಂದರು?"

"ಏನೂ ಅನ್ನಲಿಲ್ಲ ಸಾರ್. ಫುಟ್‌ಪಾತಿನ ಮೇಲೆ ಕೂತು ನೋಡಿದರು. ಫೋಟೊ ಆದಮೇಲೆ ನಾವು ಹೊರಟುಹೋದ್ವಿ. ಎಲೆ ಅಲ್ಲೇ ಇತ್ತು."

ಮೇಷ್ಟರು ಏನೂ ಹೇಳದೆ ಕಾಫಿ ಲೋಟ ಮುಂದೆ ತಳ್ಳಿದರು.

ಇದಕ್ಕೆ ಬರೀ ಒಂದು ಕಾಲೇಜನ್ನು ದೂರಿ ಫಲವಿಲ್ಲ. ರಾಷ್ಟ್ರೀಯ ಸೇವಾ ಯೋಜನೆ ಹುಟ್ಟಿದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಮಾನೋತ್ಸವದ ವರ್ಷ, ಕ್ರೈಸ್ಟ್ ಕಾಲೇಜು ಶುರುವಾದ ಎರಡು ತಿಂಗಳ ಮೇಲೆ. ಮೊದಲಿಗೆ ಮೂವತ್ತೇಳು ವಿಶ್ವವಿದ್ಯಾಲಯ, ನಲವತ್ತು ಸಾವಿರ ವಿದ್ಯಾರ್ಥಿಗಳು. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240, ಜೊತೆಗೆ ಏಳು ದಿನದ ಶಿಬಿರ. ಗಂಟೆಯ ಲೆಕ್ಕ ಇಟ್ಟವರ ಉದ್ದೇಶ ಒಳ್ಳೆಯದೇ ಇತ್ತು. ಆದರೆ ಗಂಟೆ ಎಣಿಸುವ ಕಡೆ ಎಲೆ ಹರಡುವವರೂ ಹುಟ್ಟಿಕೊಳ್ಳುತ್ತಾರೆ.

"ಹಾಗಂತ ಎಲ್ಲ ನಾಟಕ ಅನ್ನೋಕೆ ಬರಲ್ಲ ಸಾರ್," ಎಂದಳು ಅವಳು. "ಈ ನಿಮ್ಮ ಪಕ್ಕದ ಕ್ಯಾಂಪಸ್ಸಿನಲ್ಲೇ ರದ್ದಿ ಕಾಗದವನ್ನ ಅಲ್ಲೇ ಅರೆದು ಮತ್ತೆ ಹಾಳೆ ಮಾಡ್ತಾರೆ, ಫೈಲು, ನೋಟ್‌ಪ್ಯಾಡು ಮಾಡ್ತಾರೆ. ಅಲ್ಲಿ ಕೆಲಸ ಮಾಡೋರು ಸುತ್ತಲಿನ ಬಡ ಕುಟುಂಬದ ಹೆಂಗಸರು. ಅದಕ್ಕೆ ಬ್ಯಾನರ್ ಬೇಕಿಲ್ಲ, ದಿನಾ ನಡೆಯುತ್ತೆ."

"ದಿನಾ ನಡೆಯುತ್ತೆ ಅಂದೆಯಲ್ಲ, ಅದನ್ನ ಹಿಡಿದುಕೋ. ನಿನ್ನ ಪತ್ರದಲ್ಲಿ ದಿನಾ ನಡೆಯೋದು ಯಾವುದಿದೆ? ಒಂದು ದಿನದ ಶಿಬಿರಗಳನ್ನ ಪಕ್ಕಕ್ಕಿಡು, ಉಳಿಯೋದೇನು ನೋಡೋಣ."

ಅವಳು ಪರದೆ ಮೇಲೆ ಬೆರಳಾಡಿಸಿದಳು. ಉಳಿದದ್ದು ಹೆಚ್ಚಿರಲಿಲ್ಲ.

ಮೇಷ್ಟರು ಎದ್ದು ಕಪಾಟಿನಿಂದ ಒಂದು ತೆಳು ಪುಸ್ತಕ ತಂದರು. ಅಂಚು ಹಳದಿಗಟ್ಟಿತ್ತು, ಬೆನ್ನಿನ ಪಿನ್ನು ತುಕ್ಕು ಹಿಡಿದು ಹಾಳೆಯ ಮೇಲೆ ಕಂದು ಚುಕ್ಕೆ ಬಿಟ್ಟಿತ್ತು. ಕೆಳಗೆ 'ಕನ್ನಡ ಸಂಘ, ಕ್ರೈಸ್ಟ್ ಕಾಲೇಜು' ಎಂದಿತ್ತು.

"ಚಿ. ಶ್ರೀನಿವಾಸರಾಜು. ನಿನ್ನ ವಯಸ್ಸಿನವರಿಗೆ ಹೆಸರು ಗೊತ್ತಿರುತ್ತೆ, ಕೆಲಸ ಗೊತ್ತಿರಲ್ಲ. ಇಲ್ಲೇ ಪಾಠ ಮಾಡ್ತಿದ್ದರು. ಕವಿ, ನಾಟಕಕಾರ. ಎಪ್ಪತ್ತರ ದಶಕದಲ್ಲಿ ಕಾಲೇಜಿನ ಕನ್ನಡ ಸಂಘವನ್ನ ಪ್ರಕಾಶನ ಮಾಡಿಬಿಟ್ಟರು. ಕಾಲೇಜು ಯಾವುದು? ಕೇರಳ ಮೂಲದ ಕ್ರೈಸ್ತ ಸಂಸ್ಥೆ. ಓದೋ ಮಕ್ಕಳು ದೇಶದ ಎಲ್ಲ ಮೂಲೆಯವರು. ಅಂಥ ಕಡೆಯಿಂದ ಕನ್ನಡ ಪುಸ್ತಕ ಒಂದರ ಹಿಂದೆ ಒಂದು ಬಂತು. ಬೆಲೆ ವಿದ್ಯಾರ್ಥಿಯ ಜೇಬು ನೋಡಿ ಇಡೋರು."

"ಬೇಂದ್ರೆ ಕವನ ಸ್ಪರ್ಧೆ ಅವರದೇ ಅಲ್ವಾ?"

"ಅವರದೇ. ಬೇಂದ್ರೆ ಹೆಸರಿನಲ್ಲಿ ಕಾಲೇಜು ಹುಡುಗರಿಗೆ ಅಂತ. ಎಲ್ಲಿಯ ಹುಡುಗ ಬೇಕಾದರೂ ಕವಿತೆ ಕಳಿಸಬಹುದಿತ್ತು. ಆರಿಸಿದ್ದನ್ನ ಪುಸ್ತಕ ಮಾಡೋರು. ಮೊದಲ ಸಲ ತನ್ನ ಹೆಸರನ್ನ ಅಚ್ಚಿನಲ್ಲಿ ಹೀಗೆ ನೋಡಿದೋರು ಎಷ್ಟು ಜನ ಆಮೇಲೆ ಕವಿಗಳಾದರು! ಈಗ ಹೇಳು, ಇದು ಕ್ಯಾಂಪಸ್ ಲೈಫೋ, ಸಮುದಾಯ ಸಹಭಾಗಿತ್ವವೋ? ಯಾವ ಭಾಗಕ್ಕೆ ಹಾಕ್ತೀಯಾ?"

ಅವಳು ಉತ್ತರಿಸಲಿಲ್ಲ. ಪುಸ್ತಕದ ಮೊದಲ ಪುಟ ತಿರುಗಿಸಿ ಬೆಲೆ ನೋಡಿದಳು. ಇವತ್ತಿನ ಒಂದು ಸ್ಪೈರಲ್ ಬೈಂಡಿಂಗಿನ ದುಡ್ಡಿಗಿಂತ ಕಮ್ಮಿ ಇತ್ತು.

ರಾಜು ಮೇಷ್ಟರು 2007ರ ಕೊನೆಯಲ್ಲಿ ತೀರಿಕೊಂಡರು. ಏಳು ತಿಂಗಳಿಗೆ ಅವರ ಕಾಲೇಜು ವಿಶ್ವವಿದ್ಯಾಲಯವಾಯಿತು.

"ಎಚ್. ನರಸಿಂಹಯ್ಯನವರನ್ನ ಬಿಟ್ಟಿರಿ," ಎಂದಳು ಅವಳು. ಮೇಷ್ಟರ ಮಾತು ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಮೊದಲೇ ಗೊತ್ತು.

"ಬಿಡೋದೆಲ್ಲಿ? 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬಸವನಗುಡಿ ನ್ಯಾಷನಲ್ ಕಾಲೇಜಿನಲ್ಲಿ ಬುಧವಾರ ಬುಧವಾರ ಸಂಜೆ ವಿಜ್ಞಾನದ ಉಪನ್ಯಾಸ, ಯಾರು ಬೇಕಾದರೂ ಬಂದು ಕೂರಬಹುದು. ಗುರುತಿನ ಚೀಟಿ ಇಲ್ಲ, ಟಿಕೆಟ್ಟಿಲ್ಲ. ಆಮೇಲೆ ಎಪ್ಪತ್ತರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಆಗ ಪವಾಡಗಳನ್ನ ಪರೀಕ್ಷೆ ಮಾಡೋ ಸಮಿತಿ ಮಾಡಿ ದೇಶವನ್ನೇ ಎದುರು ಹಾಕಿಕೊಂಡರು. ಅದು ಪೇಪರಿನಲ್ಲಿ ಬಂತು. ಬುಧವಾರದ ಉಪನ್ಯಾಸ ಪೇಪರಿನಲ್ಲಿ ದೊಡ್ಡದಾಗಿ ಬರಲಿಲ್ಲ. ಆದರೆ ಗಾಂಧಿಬಜಾರಿಗೆ ತರಕಾರಿಗೆ ಬಂದೋರೂ ಹೋಗಿ ಕೂತು ಕೇಳಿದ್ದು ಅದನ್ನೇ. ನಾನೂ ಎಷ್ಟೋ ಸಲ ಅರ್ಥ ಆಗದೆ ಕೂತಿದ್ದೀನಿ. ಹುದ್ದೆ ಮುಗಿದ ಮೇಲೆ ಆ ಮನುಷ್ಯ ವಾಪಸ್ಸು ಅದೇ ಕಾಲೇಜಿನ ಹಾಸ್ಟೆಲ್ಲಿನ ಕೋಣೆಗೆ ಬಂದರು. 2005ರ ಜನವರಿಯಲ್ಲಿ ತೀರಿಕೊಳ್ಳೋ ತನಕ ಮನೆ ಅಂದರೆ ಅದೇ."

"ಅವರೆಲ್ಲ ದೊಡ್ಡೋರು ಸಾರ್. ನಮ್ಮಲ್ಲಿ ಅಂಥವರನ್ನ ಎಲ್ಲಿಂದ ತರೋಣ? ಒಬ್ಬ ಮಹಾನುಭಾವ ಇದ್ದರೆ ಆಗುತ್ತೆ ಅನ್ನೋದು ಕತೆ, ಅದು ವ್ಯವಸ್ಥೆ ಅಲ್ಲ."

ಈ ಮಾತಿಗೆ ಮೇಷ್ಟರ ಬಳಿ ತಟ್ಟನೆ ಜವಾಬಿರಲಿಲ್ಲ. ಶಿಷ್ಯೆ ಸರಿಯಾದ ಜಾಗಕ್ಕೇ ಕೈ ಹಾಕಿದ್ದಳು. ಅವಳೇ ಮುಂದುವರಿಸಿದಳು.

"ನನಗೆ ಹಿಡಿಸೋದು ಮಳ್ಳೂರಿನ ಪ್ರಸಂಗ. ಇಲ್ಲೇ ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1973ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿಗೆ ಹೋದರು. ಆಗ ಅದು ಕೋಲಾರ ಜಿಲ್ಲೆ. ಊರಲ್ಲಿ ಹಾಲಿನ ಸಹಕಾರ ಸಂಘ ಚೆನ್ನಾಗಿ ನಡೀತಿತ್ತು. ಡಾಕ್ಟರುಗಳು ಧರ್ಮಕ್ಕೆ ಔಷಧಿ ಹಂಚಲಿಲ್ಲ. ಸಂಘದವರು ಮಾರಿದ ಹಾಲಿನ ಲೀಟರಿಗಿಷ್ಟು ಪೈಸೆ ಅಂತ ಎತ್ತಿಟ್ಟು ಆಸ್ಪತ್ರೆಗೆ ಹಣ ಕೊಟ್ಟರು. ಕಾಲೇಜಿಗೆ ತನ್ನ ಮಕ್ಕಳು ಹಳ್ಳಿಯ ವೈದ್ಯ ಕಲಿಯೋಕೆ ಜಾಗ ಸಿಕ್ಕಿತು, ಊರಿಗೆ ಡಾಕ್ಟರು ಸಿಕ್ಕಿದರು. ದುಡ್ಡು ಕೊಟ್ಟೋರಿಗೆ ಕೇಳೋ ಹಕ್ಕಿರುತ್ತೆ ಸಾರ್. ಡಾಕ್ಟರು ಬರದಿದ್ದರೆ 'ಯಾಕೆ ಬರಲಿಲ್ಲ' ಅನ್ನಬಹುದು. ನಮ್ಮ ಶಿಬಿರಕ್ಕೆ ಬಂದ ಅಜ್ಜಿ ಹಾಗೆ ಕೇಳ್ತಾಳಾ?"

"ಬಿಟ್ಟಿ ಕನ್ನಡಕ ತಗೊಂಡು ಕೈ ಮುಗೀತಾಳೆ."

"ಅದೇ ತೊಂದರೆ. ನಿಮ್ಹಾನ್ಸ್‌ನದೂ ಮಳ್ಳೂರಿನ ಥರದ್ದೇ ಪ್ರಸಂಗ. ಎಪ್ಪತ್ತರ ದಶಕದಲ್ಲಿ ಬನ್ನೇರುಘಟ್ಟದ ಕಡೆ ಸಕಲವಾರದಲ್ಲಿ ಕೇಂದ್ರ ಮಾಡಿ, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೇ ಮನೋರೋಗ ಗುರುತು ಹಿಡಿಯೋದನ್ನ ಕಲಿಸಿದರು. ಅಲ್ಲಿ ಕಲಿತದ್ದನ್ನ 1985ರಲ್ಲಿ ಬಳ್ಳಾರಿ ಜಿಲ್ಲೆಗೆ ತಗೊಂಡು ಹೋದರು. 1996ರಲ್ಲಿ ಅದೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆಯಿತು. ಹೊಸೂರು ರಸ್ತೆಯ ಸಂಸ್ಥೆ ಹಳ್ಳಿಗೆ ಬರೀ ಕಲಿಸೋಕೆ ಹೋಗಲಿಲ್ಲ, ಹಳ್ಳಿಯಿಂದ ಕಲಿತು ದೇಶಕ್ಕೆ ಹೇಳಿತು."

ಹೊರಗೆ ಕತ್ತಲಾಗಿತ್ತು. ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು, ಮಲಯಾಳ, ಹಿಂದಿ, ಬಂಗಾಳಿ ಮಾತು. ರಾತ್ರಿ ಊಟಕ್ಕೆ ಅನ್ನ, ಬೇಳೆ, ಬೆಂಡೆಕಾಯಿ ಪಲ್ಯ. ಸಾಸಿವೆ ಸಿಡಿದ ವಾಸನೆ ಮೂರನೇ ಮಹಡಿಗೂ ಬಂತು.

ಆಂಟಿ ಬಂದು ಕೆಂಪು ರಟ್ಟಿನ ಉದ್ದನೆ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟು, ಗಂಡನ ಕನ್ನಡಕ ಕಿತ್ತುಕೊಂಡು ತಾವು ಹಾಕಿಕೊಂಡು, ನಿಂತೇ ಎರಡು ಸಾಲು ಬರೆದು, ಕನ್ನಡಕ ವಾಪಸ್ಸು ಕೊಟ್ಟು ಹೋದರು. ಪುಸ್ತಕ ಅಲ್ಲೇ ಉಳಿಯಿತು. ಮೇಷ್ಟರು ಅದನ್ನು ಶಿಷ್ಯೆಯ ಕಡೆ ತಿರುಗಿಸಿದರು.

ಅಕ್ಕಿ, ಎಣ್ಣೆ, ಗ್ಯಾಸು. ಪಕ್ಕದ ಪುಟದಲ್ಲಿ ದುಡ್ಡಿಲ್ಲದ ನಮೂದುಗಳು. 'ರೂಂ 203, ಪರೀಕ್ಷೆ, ಗೇಟು 12ಕ್ಕೆ ತೆಗೆಯುವುದು.' 'ಐಜ್ವಾಲ್ ಹುಡುಗಿಗೆ ಜ್ವರ, ಗಂಜಿ, ಅವರ ಅಮ್ಮನಿಗೆ ಫೋನು ಮಾಡಿದೆ, ಭಾಷೆ ಬರಲಿಲ್ಲ, ಇಬ್ಬರೂ ಅತ್ತೆವು.' 'ಮೇಲಿನ ರೂಮಿನವಳು ಮೂರು ದಿನದಿಂದ ಊಟಕ್ಕೆ ಇಳಿದಿಲ್ಲ, ಕೇಳಬೇಕು.'

ಉಪನ್ಯಾಸಕಿ ಆ ಕೊನೆಯ ಸಾಲನ್ನು ಮತ್ತೆ ಓದಿದಳು. ಅವಳ ಪತ್ರದಲ್ಲಿ ಆಪ್ತ ಸಮಾಲೋಚನೆ ಕೇಂದ್ರದ ಬಗ್ಗೆ ಒಂದು ಪ್ಯಾರಾ ಇತ್ತು. ಆ ಕೇಂದ್ರಕ್ಕೆ ಮಕ್ಕಳು ತಾವಾಗಿ ಹೋಗಬೇಕು. ಊಟಕ್ಕೆ ಇಳಿಯದವಳು ಸಮಾಲೋಚನೆಗೆ ಇಳಿಯುತ್ತಾಳೆಯೇ? ಅವಳು ಇಳಿದಿಲ್ಲವೆಂದು ಮೊದಲು ಗೊತ್ತಾಗುವುದು ತಟ್ಟೆ ಎಣಿಸುವವರಿಗೆ.

"2020ರ ಮಾರ್ಚಿನಲ್ಲಿ ಈ ಪುಸ್ತಕ ನೋಡಬೇಕಿತ್ತು," ಎಂದರು ಮೇಷ್ಟರು. "ಹತ್ತು ದಿನದಲ್ಲಿ ಕಟ್ಟಡ ಖಾಲಿ. ಆಮೇಲೆ ತಿಂಗಳುಗಟ್ಟಲೆ ಹಾಳೆ ಬಿಳಿ. ಜೆರಾಕ್ಸಿನವನು ಯಂತ್ರಕ್ಕೆ ಬಟ್ಟೆ ಮುಚ್ಚಿ ಊರಿಗೆ ಹೋದ. ಪುಟ್ಟು ಕಡಲೆ ಮಾಡ್ತಿದ್ದ ಮೆಸ್ಸು ಮತ್ತೆ ತೆಗೀಲೇ ಇಲ್ಲ. ಕಾಲೇಜು ಕಂಪ್ಯೂಟರಿನೊಳಗೆ ನಡೀತು, ಬೀದಿಗೆ ಹಾಗೆ ನಡೆಯೋ ಸೌಕರ್ಯ ಇರಲಿಲ್ಲ. ಯಾರು ಯಾರ ಸಹಭಾಗಿ ಅನ್ನೋದು ಆವಾಗ ಗೊತ್ತಾಯಿತು."

"ನೀರಿಂದೂ ಬರೀಬೇಕು ಸಾರ್. 2024ರ ಬೇಸಿಗೆ."

"ಬರಿ. ಬೋರ್‌ವೆಲ್ಲು ಬತ್ತಿ ಊರೆಲ್ಲ ಟ್ಯಾಂಕರಿಗೆ ಕೈ ಒಡ್ಡಿದ ವರ್ಷ. ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗೆ ಆರು ಸಾವಿರ ಲೀಟರಿಗೆ 600 ರೂಪಾಯಿ ಅಂತ ದರ ಕಟ್ಟಿತು. ಅದೇ ವರ್ಷ ಆಗಿನ ಬಿಬಿಎಂಪಿ ಪಿಜಿಗಳಿಗೆ ನಿಯಮ ತಂತು: ತಲೆಗೆ ಎಪ್ಪತ್ತು ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು. ನಿಯಮ ಸರೀನೇ. ಲೆಕ್ಕ ಹಾಕು. ನಲವತ್ತು ಹುಡುಗಿಯರಿಗೆ 5,400 ಲೀಟರ್. ದಿನಕ್ಕೆ ಹತ್ತಿರ ಹತ್ತಿರ ಒಂದು ಟ್ಯಾಂಕರ್, ಈ ಒಂದು ಕಟ್ಟಡಕ್ಕೆ."

ಅವಳು ಬೆರಳಲ್ಲಿ ಲೆಕ್ಕ ಹಾಕಿದಳು. ತಿಂಗಳಿಗೆ 18,000 ರೂಪಾಯಿ, ಅದೂ ಸರ್ಕಾರಿ ದರ ನಿಜವಾಗಿ ಸಿಕ್ಕರೆ.

"ಆದರೆ ಸಾರ್, ಪಿಜಿಯವರೆಲ್ಲ ಆಂಟಿ ಥರ ಇರಲ್ಲ. ಪ್ಲೈವುಡ್ ಗೋಡೆ ಹೊಡೆದು ಒಂದು ಕೋಣೆಯನ್ನ ಮೂರು ಮಾಡೋರೂ ಇದ್ದಾರೆ. ಅಡ್ವಾನ್ಸ್ ವಾಪಸ್ಸು ಕೊಡದೆ ಸತಾಯಿಸೋರಿದ್ದಾರೆ. ಬೀದಿಯನ್ನ ಬರೀ ಹೊಗಳಿದರೆ ಅದೂ ಬ್ಯಾನರ್ ಫೋಟೊನೇ."

"ಹೌದು. ಅದಕ್ಕೇ ಹೇಳೋದು, ಬೀದಿಯವರನ್ನ ಕರೆದು ಕೂರಿಸಿ ಮಾತಾಡಿ ಅಂತ. ಹೊಗಳೋಕಲ್ಲ. ನಿಮ್ಮ ಒಡಂಬಡಿಕೆಗಳೆಲ್ಲ ಹೊರದೇಶದ ವಿಶ್ವವಿದ್ಯಾಲಯದ ಜೊತೆ. ಗೇಟಿನ ಎದುರು ಐವತ್ತು ಪಿಜಿ ಇದ್ದರೆ ವರ್ಷಕ್ಕೆ ಎರಡು ಸಲ ಅವರನ್ನ ಒಳಗೆ ಕರೆದು ಕಾಫಿ ಕೊಟ್ಟು, ಮಕ್ಕಳು ಹೇಗಿದ್ದಾರೆ, ಬಾಡಿಗೆ ಎಷ್ಟು, ನೀರು ಎಲ್ಲಿಂದ, ಬೆಂಕಿ ಬಿದ್ದರೆ ಎಲ್ಲಿಂದ ಇಳೀತಾರೆ ಅಂತ ಕೇಳೋಕೆ ಯಾವ ನ್ಯಾಕ್ ಅಡ್ಡ ಬರುತ್ತೆ? ಕೊಟ್ಟಿದ್ದರ ಪಟ್ಟಿ ಪ್ರತಿ ವರ್ಷ ಬರೀತೀರಿ. ತಗೊಂಡಿದ್ದರ ಪಟ್ಟಿ ಒಂದು ವರ್ಷ ಬರೆದು ನೋಡಿ."

ಅವಳು ಬರೆಯತೊಡಗಿದಳು. 'ರೋಮಾಂಚಕ' ಹೋಯಿತು. 'ಸಮುದಾಯ ಸಹಭಾಗಿತ್ವ'ದ ಜಾಗದಲ್ಲಿ 'ನಮ್ಮ ನೆರೆಹೊರೆ' ಬಂತು. 'ದತ್ತು ಗ್ರಾಮಗಳು' ಇದ್ದದ್ದು 'ನಾವು ಹೋಗಿಬರುವ ಹಳ್ಳಿಗಳು' ಆಯಿತು. ಹೋಗಿಬರುವುದು ಎಷ್ಟು ಸಲ ಎಂದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡಳು. ಕೊನೆಯಲ್ಲಿ ಇಂಗ್ಲಿಷಿನ ಕರಡಿನಲ್ಲಿಲ್ಲದ ಮೂರು ವಾಕ್ಯ ಸೇರಿಸಿದಳು. ಮೇಷ್ಟರು ಅದರಲ್ಲೊಂದು ಕಾಗುಣಿತ ತಿದ್ದಿದರು.

ಕೆಳಗಿನಿಂದ ಆಂಟಿ ಕೂಗಿದರು. ಮೇಲಿನ ರೂಮಿನವಳು ಊಟಕ್ಕೆ ಇಳಿದಿದ್ದಳಂತೆ. ಲೆಕ್ಕದ ಪುಸ್ತಕದಲ್ಲಿ ಆ ಸಾಲನ್ನು ಹೊಡೆದುಹಾಕಬೇಕಂತೆ. ಮೇಷ್ಟರು ಪೆನ್ನು ತೆಗೆದು ಹೊಡೆದರು.

ಪತ್ರ ಸೋಮವಾರ ಹೋಯಿತು. ಹೊಸದಾಗಿ ಸೇರಿಸಿದ ಮೂರು ವಾಕ್ಯಗಳಲ್ಲಿ ಎರಡನ್ನು ಮೇಲಿನವರು ತೆಗೆದರು. ನೆರೆಯ ಪಿಜಿ ಮತ್ತು ಮೆಸ್ಸಿನವರನ್ನು ಆಗಸ್ಟಿನಲ್ಲಿ ಕ್ಯಾಂಪಸ್ಸಿಗೆ ಕರೆದು ಸಭೆ ನಡೆಸುವುದಾಗಿ ಹೇಳುವ ಒಂದು ವಾಕ್ಯ ಮಾತ್ರ ಉಳಿದಿದೆ. ದಿನಾಂಕದ ಜಾಗ ಖಾಲಿ ಇದೆ.